ಅಲಬಾಮಾ ಹತ್ತಿರ, ಅಗ್ರಹಾರ ದೂರ

ಬೆಳ್ಳಂದೂರಿನ ಅಪಾರ್ಟ್‌ಮೆಂಟುಗಳಲ್ಲಿ ಜನಾಂಗದ್ವೇಷಕ್ಕೂ ಮೇಲುಕೀಳಿಗೂ ಕಟು ವಿರೋಧವಿದೆ. ಅವು ಅಮೆರಿಕದಲ್ಲಿರಬೇಕು, ಅಷ್ಟೇ ಷರತ್ತು. ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಬಂದದ್ದು 1960ರಲ್ಲಿ. ಇಲ್ಲಿನ ಓದುಗ ಬಳಗಗಳಲ್ಲಿ ಅದಕ್ಕೆ ಸತ್ಯನಾರಾಯಣ ಕಥೆಯ ಸ್ಥಾನ: ಆಗಾಗ ಓದಿಸಬೇಕು, ಕೇಳಿದವರಿಗೆ ಪುಣ್ಯ. ಅಲಬಾಮಾದ ಒಂದು ಪುಟ್ಟ ಊರು; ಟಾಮ್ ರಾಬಿನ್ಸನ್ ಎಂಬ ಕಪ್ಪು ಕೂಲಿಯಾಳು; ಅವನು ನಿರಪರಾಧಿಯೆಂದು ಕಣ್ಣಿಗೆ ಕಂಡರೂ ಅಪರಾಧಿ ಎಂದುಬಿಡುವ ಬಿಳಿಯರ ಜ್ಯೂರಿ. ‘ಛೆ, ಎಂಥ ಜನಾರೀ!’ ಎಂದು ಕ್ಲಬ್‌ಹೌಸಿನ ಏಸಿಯಲ್ಲಿ ಎಲ್ಲರೂ ಮರುಗುತ್ತಾರೆ. ಟೀ ಲೋಟ ಎತ್ತಲು ಬಂದ ಹೌಸ್‌ಕೀಪಿಂಗ್ ಹೆಂಗಸು ಕುರ್ಚಿಗಳ ಸಂದಿಯಲ್ಲಿ ನಿಂತೇ ಇರುತ್ತಾಳೆ. ಕೂರುವುದಕ್ಕೆ ಅವಳೇನು ಪಾತ್ರವೇ?

ಪಾಪ, ಇದಕ್ಕೆ ಅಲಬಾಮಾವರೆಗೆ ಹೋಗಬೇಕಿರಲಿಲ್ಲ. ಅನಂತಮೂರ್ತಿ 1973ರಲ್ಲೇ ‘ಭಾರತೀಪುರ’ ಬರೆದರು. ಅದೂ ಸಣ್ಣ ಊರೇ. ಇಂಗ್ಲೆಂಡಿನಲ್ಲಿ ಓದಿ ಬಂದ ಜಗನ್ನಾಥ ಹೊಲೆಯರ ಕೈಯಲ್ಲಿ ಸಾಲಿಗ್ರಾಮ ಮುಟ್ಟಿಸಲು ಹೊರಡುತ್ತಾನೆ. ಅವರು ಹೆದರಿ ಹಿಂಜರಿದಾಗ ಉದ್ಧಾರಕನಿಗೇ ರೇಗಿಹೋಗುತ್ತದೆ, ಅವರನ್ನು ಕಂಡು ಅಸಹ್ಯವಾಗುತ್ತದೆ. ಆ ಅಸಹ್ಯವನ್ನು ಅನಂತಮೂರ್ತಿ ಮುಚ್ಚಿಡಲಿಲ್ಲ. ನಮ್ಮ ಜಗನ್ನಾಥರಿಗೆ ಅಂಥ ಪೇಚು ಬರುವುದಿಲ್ಲ. ಮುಟ್ಟುವ, ಮುಟ್ಟದಿರುವ ಉಸಾಬರಿಯನ್ನೆಲ್ಲ ಗೇಟಿನ ಆ್ಯಪ್ ನೋಡಿಕೊಳ್ಳುತ್ತದೆ. ಕೆಲಸದವಳು ಒಳಗೆ ಬಂದದ್ದು, ಹೊರಗೆ ಹೋದದ್ದು, ಹೋಗುವಾಗ ಬ್ಯಾಗ್ ತೆರೆದು ತೋರಿಸಿದ್ದು ಎಲ್ಲಕ್ಕೂ ಲೆಕ್ಕವಿದೆ. ಕಾದಂಬರಿಗೆ ಐದರಲ್ಲಿ ನಾಲ್ಕು ಸ್ಟಾರ್ ಒತ್ತಿದ ಬೆರಳೇ ಅವಳಿಗೆ ಮೂರು ಒತ್ತುತ್ತದೆ.

ಬೆಳ್ಳಂದೂರಿನಲ್ಲಿ ಕತೆಗಾರರಿಲ್ಲ ಎನ್ನಬೇಡಿ. ಕೆರೆಯ ನೀರಿಗೇ ಬೆಂಕಿ ಹತ್ತಿಸಿ ತೋರಿಸಿದ ಊರು ಇದು. ಇಲ್ಲಿಂದ ಹೊರಬಂದ ಬಹು ಜನಪ್ರಿಯ ಕೃತಿ ಮಾತ್ರ 2020ರ ಜನವರಿಯದು. ಕರಿಯಮ್ಮನ ಅಗ್ರಹಾರದ ಶೆಡ್ಡುಗಳಲ್ಲಿರುವವರು ಬಾಂಗ್ಲಾದೇಶಿಗಳು ಎಂಬುದು ಕಥಾವಸ್ತು. ಮಹದೇವಪುರದ ಆಗಿನ ಶಾಸಕ ಅರವಿಂದ ಲಿಂಬಾವಳಿಯವರು ವಿಡಿಯೊ ಟ್ವೀಟ್ ಮಾಡಿ ಶಂಕೆ ವ್ಯಕ್ತಪಡಿಸಿದರು. ಕೆಲವೇ ದಿನಗಳಲ್ಲಿ ಜೆಸಿಬಿ ಉಪಸಂಹಾರ ಬರೆಯಿತು. ಬೀದಿಗೆ ಬಿದ್ದವರು ಆಧಾರ್, ವೋಟರ್ ಕಾರ್ಡ್ ಹಿಡಿದು ನಿಂತರು: ಅಸ್ಸಾಮಿನವರು, ತ್ರಿಪುರಾದವರು, ಬಂಗಾಳದವರು. ಕಥೆಯ ಹಂದರಕ್ಕೆ ಒಗ್ಗದ ಇನ್ನೂ ಕೆಲವರಿದ್ದರು, ಅಚ್ಚ ಕನ್ನಡದಲ್ಲಿ ಅಳುತ್ತಿದ್ದ ಉತ್ತರ ಕರ್ನಾಟಕದವರು. ಬಾಂಗ್ಲಾದೇಶದ ಗಡಿ ಅದ್ಯಾವಾಗ ಕೃಷ್ಣೆಯ ದಂಡೆಗೆ ಬಂತೋ!

ಟಾಮ್‌ಗಾದರೂ ಒಂದು ವಿಚಾರಣೆ ನಡೆದಿತ್ತು, ವಕೀಲನಿದ್ದ. ಇಲ್ಲಿ ಮೊದಲು ಮನೆ ಬಿತ್ತು, ಆಮೇಲೆ ಹೈಕೋರ್ಟಿನ ತಡೆಯಾಜ್ಞೆ ಬಂತು. ಬಿದ್ದ ಶೆಡ್ಡುಗಳಲ್ಲಿದ್ದವರಲ್ಲಿ ಅನೇಕರು ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲೇ ಪಾತ್ರೆ ತೊಳೆಯುವವರು, ಕಸ ಎತ್ತುವವರು, ಗೇಟು ಕಾಯುವವರು. ಬೆಳಿಗ್ಗೆ ಆರರಿಂದ ಸಂಜೆಯವರೆಗೆ ‘ನಮ್ಮ ಮನೆ ಅಕ್ಕ’, ಕತ್ತಲಾದ ಮೇಲೆ ವಿದೇಶಿ. ಇಂಥ ಪಾತ್ರಪರಿವರ್ತನೆ ಹಾರ್ಪರ್ ಲೀಗೂ ಹೊಳೆದಿರಲಿಲ್ಲ.

ಬಳಗದವರು ಈಗ ಸ್ಥಳೀಯ ಸಾಹಿತ್ಯದತ್ತ ಹೊರಳಿದ್ದಾರೆ. ಮುಂದಿನ ತಿಂಗಳಿಗೆ ಕಾರಂತರ ‘ಚೋಮನ ದುಡಿ’, ಇಂಗ್ಲಿಷಿನಲ್ಲಿ. ‘ಈಗ ಅಂಥದ್ದೆಲ್ಲ ಎಲ್ಲಿದೆ ಬಿಡಿ’ ಎಂಬ ಚರ್ಚೆಗೆ ಅರ್ಧ ಗಂಟೆ ಮೀಸಲು. ಪ್ರತಿಗಳು ಬಂದೂ ಆಗಿವೆ, ಆದರೆ ಹದಿನಾಲ್ಕನೇ ಮಹಡಿಗೆ ಇನ್ನೂ ತಲುಪಿಲ್ಲ. ಸರ್ವಿಸ್ ಲಿಫ್ಟು ಕೆಟ್ಟಿದೆ. ಪಕ್ಕದಲ್ಲಿ ಬಾಯಿ ತೆರೆದು ನಿಂತಿರುವ ಲಿಫ್ಟಿಗೆ ಡೆಲಿವರಿ ಹುಡುಗರು ಹತ್ತುವಂತಿಲ್ಲವೆಂದು ಕಳೆದ ಸಭೆಯಲ್ಲಿ ಠರಾವಾಗಿದೆ, ಸರ್ವಾನುಮತದಿಂದ.