ತೆಂಗು ಸೀಮೆಯ ವಿಡಿಯೊ ಮೀಮಾಂಸೆ: ಒಂದು ಅಧಿಕಪ್ರಸಂಗ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳೆಂಬ ತ್ರಿಕೋನ ಕ್ಷೇತ್ರದಲ್ಲಿ ಪ್ರಚಲಿತವಾಗಿರುವ ‘ಪೂರ್ವಮುದ್ರಿತ ದೃಶ್ಯಶ್ರಾವ್ಯ ಏಕಮುಖ ಸಂವಹನ ಪ್ರಕ್ರಿಯೆ’ಯನ್ನು ಶಾಸ್ತ್ರೋಕ್ತವಾಗಿ ವಿವೇಚಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಪಾಮರರು ಇದನ್ನು ‘ವಾಟ್ಸಾಪಲ್ಲಿ ಬಂದ ವಿಡಿಯೊ’ ಎನ್ನುತ್ತಾರೆ.

ಲಕ್ಷಣ: ಅಧಿಕಾರಿ ತೋಟಕ್ಕೆ ಬಾರದೆ, ಅವರ ಮುಖ ಮಾತ್ರ ರೈತನ ಮೊಬೈಲಿಗೆ ಬಂದರೆ ಅದು ವಿಡಿಯೊ.

ವಿಧಗಳು ಐದು.

1. ಸ್ವಾಗತಪ್ರಧಾನ: ‘ಆತ್ಮೀಯ ರೈತ ಬಾಂಧವರೇ’ ಎಂದು ಹೊರಟು, ಮೇಲಧಿಕಾರಿಗಳ ಮಾರ್ಗದರ್ಶನ, ಸಹೋದ್ಯೋಗಿಗಳ ಸಹಕಾರವನ್ನೆಲ್ಲ ಸ್ಮರಿಸುವಷ್ಟರಲ್ಲಿ ಅಂದಿನ ಡೇಟಾ ಖಾಲಿ. ವಿಷಯಪ್ರವೇಶ ಮರುದಿನ.

2. ವಿಹಂಗಮ: ಡ್ರೋನ್ ಹಾರಿಸಿ, ಹಿಂದೆ ಕೊಳಲು ಊದಿಸಿದ್ದು. ವಿಷಯ, ತೆಂಗಿನ ಕಪ್ಪುತಲೆ ಹುಳು. ಅದು ಇರುವುದು ಗರಿಯ ತಳಭಾಗದಲ್ಲಿ. ತನ್ನ ಹಿಕ್ಕೆ, ನೂಲುಗಳಿಂದ ಕಟ್ಟಿಕೊಂಡ ಗೂಡಿನೊಳಗೆ ಕೂತು ಹಸಿರು ಕೆರೆಯುತ್ತದೆ. ಡ್ರೋನಿಗೆ ಕಾಣುವುದು ಗರಿಯ ಮೇಲ್ಭಾಗ. ಪೂರ್ತಿ ನೋಡಿ ಮುಗಿಸಿದ ತುರುವೇಕೆರೆ ಕಡೆಯ ಹಿರಿಯರೊಬ್ಬರು ಕೇಳಿದ್ದು ಇಷ್ಟೇ: “ಎಲ್ಲಾ ಸರಿ, ಹುಳ ಎಲ್ಲಪ್ಪಾ?”

3. ದಾಖಲೆಪ್ರಧಾನ: ಕಳಿಸಿದ್ದರ ಸ್ಕ್ರೀನ್‌ಶಾಟ್ ತೆಗೆದು ಮೇಲಕ್ಕೆ ವರದಿ ಮಾಡಲೆಂದೇ ಕಳಿಸುವಂಥದ್ದು. ರೈತ ನೋಡುವುದು ಐಚ್ಛಿಕ.

ನಾಲ್ಕು, ಐದು ಇವುಗಳದೇ ಫಾರ್ವರ್ಡು. ಬಿಡಿ.

ಪೂರ್ವಪಕ್ಷ: ‘ಇದರಿಂದ ಸಮಯ ಉಳಿಯುವುದಿಲ್ಲವೇ?’ ಉಳಿಯುತ್ತದೆ. ಯಾರದು? ರೈತನೂ ತೋಟದಲ್ಲಿ ನಿಂತು, ಒಣಗಿದ ಗರಿ ಒಂದು ಕೈಲಿ, ಫೋನು ಇನ್ನೊಂದು ಕೈಲಿ ಹಿಡಿದು, “ಸಾರ್, ಇದೇನು ನೋಡಿ ಹೇಳಿ” ಎಂದು ವಿಡಿಯೊ ಮಾಡುತ್ತಾನೆ. ಗ್ರೂಪಿಗೆ ಹಾಕಲು ಹೋದರೆ, ಅಡ್ಮಿನ್‌ಗಳು ಮಾತ್ರ ಮೆಸೇಜ್ ಕಳಿಸಬಹುದಂತೆ! ಪ್ರಶ್ನೆ ಕೇಳುವ ಬಾಯಿಗೆ ಬೀಗ ಜಡಿದು ಅದಕ್ಕೆ ಸಂವಹನವೆಂದು ಹೆಸರಿಡಲು ನಾಚಿಕೆಯಾದರೂ ಬೇಡವೇ?

ಹುಳು ತಿಂದು ಗರಿ ಸುಟ್ಟಂತಾದ ಮರದಲ್ಲಿ ಕಾಯಿ ಕಟ್ಟುವುದು ಕಡಿಮೆ. ಕಟ್ಟಿದ ಕಾಯಿ ಬಲಿಯಲು ಒಂದು ವರ್ಷ. ಅಟ್ಟದಲ್ಲಿ ಒಣಗಿ, ಅಲ್ಲಾಡಿಸಿದರೆ ಒಳಗೆ ಸದ್ದು ಮಾಡುವ ಉಂಡೆ ಕೊಬ್ಬರಿಯಾಗಲು ಹೆಚ್ಚುಕಮ್ಮಿ ಇನ್ನೊಂದು ವರ್ಷ. ಈ ಬೇಸಿಗೆಯ ಹುಳು ತಿಂದದ್ದರ ಲೆಕ್ಕ ಮನೆಗೆ ಸಿಗುವುದು ಆಮೇಲೆ. ಅಷ್ಟರಲ್ಲಿ ವಿಡಿಯೊ ಮಾಡಿದವರಿಗೆ ವರ್ಗವೂ ಆಗಿರುತ್ತದೆ.

ವಿಡಿಯೊ ಬೇಡವೆನ್ನುತ್ತಿಲ್ಲ. ಈ ಹುಳುವಿನ ಹತೋಟಿಗೆ ಗೋನಿಯೋಜಸ್ ಎಂಬ ಪರೋಪಜೀವಿ ಕೀಟ ಬಿಡುತ್ತಾರೆ. ಒಬ್ಬ ಬಿಟ್ಟು ಪಕ್ಕದ ತೋಟದವನು ಸುಮ್ಮನಿದ್ದರೆ ಹುಳು ಮತ್ತೆ ಬರುತ್ತದೆ. ಒಬ್ಬ ಬಿಟ್ಟಾಗ ಇನ್ನೊಬ್ಬ ವಿಷ ಹೊಡೆದರೆ ಬಿಟ್ಟ ಕೀಟವೇ ಸಾಯುತ್ತದೆ. ಊರಿಗೆ ಊರೇ ಒಟ್ಟಿಗೆ ಮಾಡಬೇಕಾದ ಕೆಲಸವಿದು. ಒಂದೇ ಸಂಜೆ ಎಲ್ಲರಿಗೂ ಒಂದೇ ಮಾತು ಮುಟ್ಟಿಸಲು ವಿಡಿಯೊಗಿಂತ ಸುಲಭದ ದಾರಿ ಇನ್ನೇನಿದೆ?

ಆದ್ದರಿಂದ ಸ್ವಾಮಿ, ಡ್ರೋನ್ ಇಳಿಸಿ. ಗರಿ ತಿರುಗಿಸಿ ಹುಳು ತೋರಿಸಿ. ಕೀಟ ಎಲ್ಲಿ, ಯಾವತ್ತು ಸಿಗುತ್ತದೆ ಹೇಳಿ. ಒಂದು ನಿಮಿಷ ಸಾಕು. ಗ್ರೂಪಿನ ಬೀಗ ತೆಗೆದು, ಕೇಳಿದ್ದಕ್ಕೆ ಉತ್ತರ ಕೊಡಿ. ವಿಡಿಯೊದಲ್ಲಿ ಬಗೆಹರಿಯದಿದ್ದರೆ ತೋಟಕ್ಕೆ ಬನ್ನಿ, ಎಳನೀರು ಕೊಡುತ್ತೇವೆ.