ಕೊನೇ ಲಾಂಚಿನ ಲೆಕ್ಕಾಚಾರ

ದಿಲ್ಲಿಯಲ್ಲಿ ಯೋಜನಾ ಆಯೋಗಕ್ಕೆ ಬಾಗಿಲು ಹಾಕಿ 2015ರಲ್ಲಿ ನೀತಿ ಆಯೋಗ ತಂದರು. ನಮ್ಮ ಮನೆಯ ಯೋಜನಾ ಆಯೋಗ ಮಾತ್ರ ಇನ್ನೂ ಚಾಲ್ತಿಯಲ್ಲಿದೆ. ಅಧ್ಯಕ್ಷ, ಕಾರ್ಯದರ್ಶಿ, ಜವಾನ ಮೂರೂ ನಾನೇ. ಹೆಸರಿಟ್ಟವಳು ಹೆಂಡತಿ. ಅವಳು ಬೈಗುಳವಾಗಿ ಇಟ್ಟಿದ್ದನ್ನು ನಾನು ಬಿರುದೆಂದು ಹೊದ್ದುಕೊಂಡಿದ್ದೇನೆ.

ಅದರ ಒಂದು ಯೋಜನೆಯ ಕಥೆ ಇದು. ಲಿಂಗನಮಕ್ಕಿ ಹಿನ್ನೀರಿನ ಹೊಳೆಬಾಗಿಲಿಗೆ ಆಗ ಸೇತುವೆ ಇನ್ನೂ ಆಗಿರಲಿಲ್ಲ, ಕಂಬಗಳು ಏಳುತ್ತಿದ್ದವು. ಸೇತುವೆ ಆದಮೇಲೆ ಲಾಂಚಿನ ಮಜಾ ಎಲ್ಲಿ ಬರಬೇಕು, ಅಷ್ಟರೊಳಗೆ ಮಕ್ಕಳಿಗೆ ತೋರಿಸಿಬಿಡೋಣ ಎಂದು ನನಗೆ ಹೊಳೆಯಿತು. ಶಿವಮೊಗ್ಗ ಬಿಟ್ಟು ಸಾಗರ, ಇಕ್ಕೇರಿ, ಆವಿನಹಳ್ಳಿ ಮೇಲೆ ಅಂಬಾರಗೋಡ್ಲು. ಅಲ್ಲಿ ಕಾರನ್ನೂ ಲಾಂಚಿಗೆ ಹತ್ತಿಸಿ ಆಚೆ ದಡದ ಕಳಸವಳ್ಳಿ. ಸಿಗಂದೂರಲ್ಲಿ ದೇವಿ ದರ್ಶನ, ತುಮರಿಯಲ್ಲಿ ದೊಡ್ಡತ್ತೆಯ ಮನೆ ಊಟ, ಸಂಜೆ ಕೊನೇ ಲಾಂಚು ಹೋಗುವುದರೊಳಗೆ ವಾಪಸ್. ಬೇರೆಯವರಾದರೆ ಕಾರು ಹತ್ತಿ ಹೊರಟುಬಿಡುತ್ತಿದ್ದರು. ಆಯೋಗ ಇರುವ ಮನೆಯಲ್ಲಿ ಹಾಗೆಲ್ಲ ಆಗುವುದಿಲ್ಲ.

ವೇಳಾಪಟ್ಟಿ ತಯಾರಾಯಿತು. 6.10ಕ್ಕೆ ಮನೆ ಬಿಡುವುದು. 6.30ಕ್ಕೆ ತ್ಯಾವರೆಕೊಪ್ಪ, ಇದರ ಮುಂದೆ ಕೆಂಪು ಶಾಯಿಯಲ್ಲಿ ‘ಹುಲಿ ಸಿಂಹ ಇನ್ನೊಮ್ಮೆ’ ಎಂದು ಬರೆದೆ. ಇಕ್ಕೇರಿಯ ಅಘೋರೇಶ್ವರನಿಗೆ ಇಪ್ಪತ್ತು ನಿಮಿಷ, ಎದುರಿನ ನಂದಿಗೆ ಐದು. ಪೂರ್ವಸಿದ್ಧತೆಯ ಕಾಲಮ್ಮಿನಲ್ಲಿ ಮಗಳಿಗೆ ನಾ. ಡಿಸೋಜ ಅವರ ಮುಳುಗಡೆಯ ಕಾದಂಬರಿ ‘ದ್ವೀಪ’ ಓದುವ ಕೆಲಸ. ಅವಳು ಅದೇ ಕಥೆಯ ಕಾಸರವಳ್ಳಿಯವರ ಸಿನಿಮಾ ನೋಡಿ ಮುಗಿಸಿದಳು. ಅದಕ್ಕೂ ಅರ್ಧ ಅಂಕ ಕೊಟ್ಟೆ. ಬೆಂಗಳೂರಿಂದ ಬರಬೇಕಿದ್ದ ಭಾವಮೈದ ನಾನು ವಾಟ್ಸಾಪಿನಲ್ಲಿ ಹಾಕಿದ್ದಕ್ಕೆಲ್ಲ ಹೆಬ್ಬೆರಳು ಎತ್ತಿದ. ಅವನ ಹೆಬ್ಬೆರಳಿಗೆ ‘ಓದಿಲ್ಲ’ ಎಂದು ಅರ್ಥವೆನ್ನುವುದು ಆಮೇಲೆ ಗೊತ್ತಾಯಿತು.

ನನ್ನ ನಿದ್ದೆ ಕೆಡಿಸಿದ್ದು ಲಾಂಚು. ಸರತಿಯಲ್ಲಿ ನಿಂತಿರುತ್ತೇವೆ, ಸಿಬ್ಬಂದಿ ಕೈಬೀಸಿ ಕರೆಯುತ್ತಾರೆ, ಆಗ ಅಮ್ಮನ ಚಪ್ಪಲಿ ಸೀಟಿನಡಿ ಸಿಕ್ಕಿಕೊಂಡಿರುತ್ತದೆ, ಹಿಂದಿನವನು ಹಾರನ್ ಹೊಡೆಯುತ್ತಾನೆ, ನಮ್ಮ ಜಾಗಕ್ಕೆ ಇನ್ನೊಂದು ಕಾರು ನುಗ್ಗುತ್ತದೆ. ಆದ್ದರಿಂದ ಹಿಂದಿನ ದಿನ ಸಂಜೆ ಅಂಗಳದಲ್ಲಿ ತಾಲೀಮು ಇಟ್ಟುಕೊಂಡೆ.

ಹೆಂಡತಿಯ ರಂಗೋಲಿ ಪುಡಿಯಲ್ಲಿ ಲಾಂಚಿನ ನಕ್ಷೆ ಬಿಡಿಸಿದೆ. ಈ ಕಡೆ ಇಳಿಜಾರು ಹಲಗೆ, ಸುತ್ತ ಕಟಕಟೆ, ಆಚೆಗೆಲ್ಲ ನೀರು. ತುಳಸಿಕಟ್ಟೆ ಲಿಂಗನಮಕ್ಕಿ ಹಿನ್ನೀರಿನ ನಡುಗಡ್ಡೆಯಾಯಿತು. ಕಾರಿನ ಬದಲು ಸ್ಕೂಟರು. ನಿಯಮ ಸರಳ: ನಾನು ‘ಇಳೀರಿ’ ಅಂದೊಡನೆ ನನ್ನನ್ನು ಬಿಟ್ಟು ಎಲ್ಲರೂ ಇಳಿಯಬೇಕು, ಹುಳಿಯವಲಕ್ಕಿ ಡಬ್ಬಿ ಮಗಳ ಕೈಗೆ, ಮಜ್ಜಿಗೆ ಕ್ಯಾನು ಮಗನಿಗೆ, ಅಮ್ಮ ಹೆಂಡತಿಯ ಸುಪರ್ದಿಗೆ.

ಮೊದಲ ಸಲ ಅಮ್ಮ ಇಳಿಯಲಿಲ್ಲ. ಲಾಂಚಿನ ನಟ್ಟನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತುಬಿಟ್ಟರು. ‘ಅಮ್ಮ, ಅದು ಬಸ್ಸಿನ ಜಾಗ’ ಅಂದೆ. ‘ಬಸ್ಸು ಬಂದಾಗ ಏಳ್ತೀನಿ ಬಿಡೋ’ ಅಂದರು. ಎರಡನೇ ಸಲ ಮಜ್ಜಿಗೆ ಕ್ಯಾನು ಕಟಕಟೆಯಾಚೆ ಹೋಯಿತು. ‘ಅಪ್ಪ, ಮಜ್ಜಿಗೆ ಮುಳುಗ್ತು’ ಎಂದು ಮಗ ವರದಿ ಒಪ್ಪಿಸಿದ. ಅಷ್ಟರಲ್ಲಿ ಎದುರುಮನೆಯ ರಾಯರು ಪೇಪರು ಕೇಳಲು ಗೇಟು ತೆಗೆದು ಸೀದಾ ನೀರಿನ ಮೇಲೆ ನಡೆದು ಬಂದರು. ಮಕ್ಕಳಿಬ್ಬರೂ ಕಿಟಾರನೆ ಕಿರುಚಿದರು. ರಾಯರು ಹಾವೇ ಇರಬೇಕೆಂದು ಹಾರಿ ತುಳಸಿಕಟ್ಟೆಗೆ ಒರಗಿ ನಿಂತರು. ‘ಅಂಕಲ್, ನೀವೀಗ ನಡುಗಡ್ಡೆಯಲ್ಲಿದ್ದೀರಿ, ಲಾಂಚು ಬರೋವರೆಗೂ ಅಲ್ಲೇ ಇರಿ’ ಎಂದಳು ಮಗಳು. ನಿವೃತ್ತ ಮೇಷ್ಟ್ರು, ಶಿಸ್ತಿನ ಮನುಷ್ಯ. ಏನು ಎತ್ತ ಎಂದು ಕೇಳದೆ ನಿಂತರು! ಇನ್ನು ಅವರನ್ನು ಅಲ್ಲೇ ಬಿಡುವ ಹಾಗಿಲ್ಲ. ನಾನು ಬಾಯಲ್ಲೇ ಇಂಜಿನ್ ಸದ್ದು ಮಾಡುತ್ತ ಸ್ಕೂಟರನ್ನು ಹಿಂದಕ್ಕೆ ತಳ್ಳಿಕೊಂಡು ಹೋದೆ. ರಾಯರು ಪಂಚೆ ಎತ್ತಿಕಟ್ಟಿ, ‘ಟಿಕೆಟ್ ಎಷ್ಟಪ್ಪ?’ ಎಂದು ಹಿಂದೆ ಹತ್ತಿದರು. ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿ, ‘ರೀ, ಆ ಪುಡಿ ನಾಳೆ ಸಂಕ್ರಾಂತಿಗೆ ಅಂತ ತೆಗೆದಿಟ್ಟಿದ್ದು’ ಎಂದಷ್ಟೇ ಹೇಳಿ ಒಳಗೆ ಹೋದಳು. ಹಬ್ಬದ ದಿನವೇ ಪ್ರವಾಸ ಇಟ್ಟವನು ನಾನೇ. ಪಟ್ಟಿಯಲ್ಲಿ ರಂಗೋಲಿಗೆ ಕಾಲಂ ಇರಲಿಲ್ಲ.

ಪ್ರವಾಸದ ಬಗ್ಗೆ ಹೇಳುವುದು ಕಡಿಮೆ. ಹೊರಟಿದ್ದು ತಡ. ಇಕ್ಕೇರಿಯಲ್ಲಿ ನೆಲದ ಮೇಲೆ ಸಾಷ್ಟಾಂಗ ಬಿದ್ದ ಭಂಗಿಯಲ್ಲಿ ಕೊರೆದಿರುವ ನಾಯಕ ಅರಸರನ್ನು ತುಳಿಯದೆ ದಾಟುವುದಕ್ಕೇ ಅಮ್ಮ ಇಪ್ಪತ್ತು ನಿಮಿಷ ತೆಗೆದುಕೊಂಡರು. ಅಂಬಾರಗೋಡ್ಲಿನ ಸರತಿ ಕಂಡು ಭಾವಮೈದ, ‘ಓ, ಲಾಂಚಲ್ಲಿ ಹೋಗೋದಾ?’ ಅಂದ. ನಮ್ಮ ಮುಂದಿನ ಗಾಡಿಯ ಪಡ್ಡೆಗಳು ಹಾಡು ಜೋರಾಗಿ ಹಾಕಿಕೊಂಡು ಕುಣಿಯುತ್ತ, ಬೇಗ ಬಿಡ್ರೀ ಎಂದು ಸಿಬ್ಬಂದಿಯ ಮೇಲೆ ರೇಗುತ್ತಿದ್ದರು. ಪಕ್ಕದಲ್ಲಿ ಬ್ಯಾಗು ಹಿಡಿದ ಊರವರು ಸುಮ್ಮನೆ ನಿಂತಿದ್ದರು. ಲಾಂಚು ಹತ್ತಿದ್ದು ಕೈಬೀಸಿದವರ ಕೃಪೆಯಿಂದ, ತಾಲೀಮಿನಿಂದಲ್ಲ. ದಾಟುವಾಗ ಎಲ್ಲರೂ ನೀರು ನೋಡಿದರು, ನಾನು ಗಡಿಯಾರ ನೋಡಿದೆ.

ತುಮರಿಯಲ್ಲಿ ಊಟವಾದ ಮೇಲೆ ವೇಳಾಪಟ್ಟಿಯನ್ನು ದೊಡ್ಡತ್ತೆಗೆ ಹೆಮ್ಮೆಯಿಂದ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರಾ ಓದಿದರು.

‘ಎಂತ ಮಾರಾಯ ಇದು, ಒಂದು ದಿನಕ್ಕೆ ಒಂದು ಹಾಳೆ! ನಂದು ಮದುವೆಯಾಗಿ ಬಂದ ಲಾಗಾಯ್ತಿಂದ ಇದೇ ಪಟ್ಟಿ. ಹಾಳೆ ಮಾತ್ರ ಇಲ್ಲ.’

ಆಮೇಲೆ ಹೇಳುತ್ತ ಹೋದರು. ಸಾಗರದಲ್ಲಿ ಮದುವೆಯಿದ್ದರೆ ಊಟದ ಎರಡನೇ ಪಂಕ್ತಿಗೆ ಕೂರುವ ಹಾಗಿಲ್ಲ, ಕೊನೇ ಲಾಂಚು ತಪ್ಪುತ್ತದೆ. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ಗಾಡಿ ಹತ್ತಿಸುವುದಿಲ್ಲ. ರಾತ್ರಿ ಯಾರಿಗಾದರೂ ಹೊಟ್ಟೆನೋವೋ ಹೆರಿಗೆ ನೋವೋ ಬಂದರೆ ದಡದಲ್ಲಿ ಲಾಂಚಿನವರ ಕೈಕಾಲು ಹಿಡಿಯಬೇಕು, ಇಲ್ಲ ನಿಟ್ಟೂರು, ನಗರ, ಹೊಸನಗರದ ಮೇಲೆ ಸುತ್ತು ಹೊಡೆಯಬೇಕು. ಅವರ ಮಾವನ ಗದ್ದೆ 1964ರ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಹೋಗಿದೆ. ಆ ನೀರಿನಿಂದ ಊರೂರಿಗೆಲ್ಲ ಕರೆಂಟು ಹೋಯಿತು. ಬೆಳಕು ಕೊಟ್ಟವರು ದಾರಿಯಿಲ್ಲದೆ ಉಳಿದರು. ನೀರು ತೀರಾ ಇಳಿದ ವರ್ಷ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟು ತಲೆಯೆತ್ತುತ್ತದೆ, ಜನ ಅದರ ಫೋಟೋ ತೆಗೆಯಲು ಬರುತ್ತಾರೆ. ‘ಅಣೆಕಟ್ಟನ್ನೇ ಮುಳುಗಿಸಿದ ಅಣೆಕಟ್ಟು ಮಾರಾಯ, ನಾವ್ಯಾವ ಲೆಕ್ಕ’ ಅಂದರು. ‘ಸೇತುವೆ ಆದ್ರೆ ಲಾಂಚಿನ ಮಜಾ ಹೋಗುತ್ತೆ ಅಂತಿದ್ಯಂತೆ, ನಿನ್ನ ಮಗಳು ಹೇಳಿದ್ಲು.’

ಮಗಳು ಮಾಡನ್ನು ನೋಡುತ್ತಿದ್ದಳು. ಅವಳಿಗೆ ಕೊಟ್ಟಿದ್ದ ಅರ್ಧ ಅಂಕ ವಾಪಸ್ ತೆಗೆದುಕೊಂಡೆ. ದೊಡ್ಡತ್ತೆ ಆ ಹಾಳೆಯನ್ನು ಮಡಿಸಿ, ಅದರಲ್ಲೇ ಎಳ್ಳುಬೆಲ್ಲ ಕಟ್ಟಿ ಅಮ್ಮನ ಕೈಗಿಟ್ಟು, ‘ಅತ್ತಿಗೆ, ಹೊರಡಿ, ಲಾಂಚು ತಪ್ಪುತ್ತೆ’ ಎಂದರು. ಮನೆಯಲ್ಲಿ ಗಡಿಯಾರ ನೋಡದೆ ಸಮಯ ಹೇಳಿದವರು ಅವರೊಬ್ಬರೇ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಉದ್ದ 2.44 ಕಿಲೋಮೀಟರ್, ಕಾರಿನಲ್ಲಿ ಒಂದು ಹಾಡು ಮುಗಿಯುವುದರೊಳಗೆ ಆಚೆ ದಡ. ದೊಡ್ಡತ್ತೆ ಈಗ ಸಾಗರದ ಮದುವೆಗಳಲ್ಲಿ ಮೂರನೇ ಪಂಕ್ತಿಗೆ ಕೂತು ನಿಧಾನವಾಗಿ ಉಣ್ಣುತ್ತಾರೆ ಎಂದು ಸುದ್ದಿ. ನೀವೂ ಒಮ್ಮೆ ಹೋಗಿಬನ್ನಿ. ಸೇತುವೆ ನಡುವೆ ಕಾರು ನಿಲ್ಲಿಸಿ ಸೆಲ್ಫಿಗೆ ನಿಲ್ಲಬೇಡಿ, ಹಿಂದೆ ಆಂಬ್ಯುಲೆನ್ಸ್ ಇರಬಹುದು. ವೇಳಾಪಟ್ಟಿ ಬೇಕಾದವರು ಕೇಳಿ, ನನ್ನ ಬಳಿ ಇನ್ನೊಂದು ಪ್ರತಿಯಿದೆ. ಲಾಂಚಿನ ಕಾಲಂ ಹೊಡೆದುಹಾಕಿ ಆ ಹೊತ್ತನ್ನು ಇಕ್ಕೇರಿಗೆ ಕೊಡಿ.