ಸಹಿ ಹಿಡಿಯದ ಚೆಂಡು

ನಮ್ಮ ಕಡೆಯ ಕ್ರಿಕೆಟ್ ಹುಡುಗರಿಗೆ ಫೆಬ್ರುವರಿ ಬಂತೆಂದರೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ತಿಂಗಳ 12ನೇ ತಾರೀಖು ಇಬ್ಬರ ಹುಟ್ಟುಹಬ್ಬ. 1949ರಲ್ಲಿ ಭದ್ರಾವತಿಯಲ್ಲಿ ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಆ ದಿನ. 1984ರಲ್ಲಿ ದಾವಣಗೆರೆಯಲ್ಲಿ ವಿನಯ್ ಕುಮಾರ್ ಹುಟ್ಟಿದ್ದೂ ಅದೇ ದಿನ. ಒಬ್ಬರು ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ಹೊಡೆದವರು. ಇನ್ನೊಬ್ಬರು ನಾಯಕರಾಗಿ ಕರ್ನಾಟಕಕ್ಕೆ ಬೆನ್ನುಬೆನ್ನಿಗೆ ಎರಡು ರಣಜಿ ಟ್ರೋಫಿ ತಂದುಕೊಟ್ಟವರು. ಒಂದು ಕಡೆ ಭದ್ರಾವತಿ, ಇನ್ನೊಂದು ಕಡೆ ದಾವಣಗೆರೆ, ನಡುವೆ ನಮ್ಮ ಸೂರಗೊಂಡನಕೊಪ್ಪ. ಇಲ್ಲಿ 15ಕ್ಕೆ ಸಂತ ಸೇವಾಲಾಲರ ಜಯಂತಿ. 1739ರಲ್ಲಿ ಅವರು ಹುಟ್ಟಿದ ನೆಲವೆಂದು ಬಂಜಾರರು ಭಾಯಾಗಡ್ ಎಂದು ಕರೆದು ಕೈಮುಗಿಯುವ ಜಾಗ ಇದು. ಮಾಲೆ ಹಾಕಿದವರು ನಡೆದು ಬರುತ್ತಾರೆ, ಉಳಿದವರು ಬಸ್ಸು, ಟೆಂಪೊ, ಟ್ರ್ಯಾಕ್ಟರ್ ಹತ್ತಿ ಬರುತ್ತಾರೆ. ಅವರ ಹಿಂದೆಯೇ ನಾನೂ ನ್ಯಾಮತಿಯಿಂದ ನನ್ನ ಪುಸ್ತಕ-ಪೆನ್ನಿನ ಅಂಗಡಿಯ ಅರ್ಧ ಭಾಗವನ್ನು ಹೊತ್ತು ಬರುತ್ತೇನೆ. ಭಕ್ತಿ ಇದೆ; ಬಳೆ ಅಂಗಡಿಯ ಪಕ್ಕ ಜಾಗ ಸಿಕ್ಕರೆ ಇನ್ನೂ ಹೆಚ್ಚುತ್ತದೆ.

ಜಾತ್ರೆ ಮುಗಿದ ಬೆನ್ನಿಗೆ ಸುತ್ತಲಿನ ಊರುಗಳಲ್ಲಿ ಟೆನ್ನಿಸ್ ಬಾಲ್ ಟೂರ್ನಮೆಂಟುಗಳು ಶುರು. ಬಹುಮಾನ ಕೊಡಲು ಒಮ್ಮೊಮ್ಮೆ ರಾಜ್ಯ ತಂಡಕ್ಕೆ ಆಡಿದವರು ಯಾರಾದರೂ ಬರುತ್ತಾರೆ. ಅವರು ಬರುವ ಹಿಂದಿನ ಸಂಜೆ ನನ್ನ ಅಂಗಡಿ ಮುಂದೆ ಹುಡುಗರ ಗುಂಪು.

"ಅಣ್ಣಾ, ಸಹಿ ಮಾಡ್ಸೋ ಪೆನ್ನು ಕೊಡ್ರಿ."

"ಯಾವುದರ ಮೇಲಪ್ಪಾ?"

"ಯಾವುದರ ಮೇಲಾದ್ರೂ ಏನ್ರೀ, ಬರೆಯೋದು ಪೆನ್ನು ತಾನೆ?"

ಇದೇ ಲೋಕದ ತಪ್ಪು ತಿಳಿವಳಿಕೆ. ಬರೆಯೋದು ಪೆನ್ನಲ್ಲ. ಪೆನ್ನು ಕೇಳುತ್ತದೆ ಅಷ್ಟೆ, ಒಪ್ಪುವುದು ಬಿಡುವುದು ಮೈ ಕೊಡುವ ವಸ್ತುವಿಗೆ ಬಿಟ್ಟದ್ದು. ಬಾಲ್‌ಪೆನ್ನಿನ ತುದಿಯ ಗುಂಡು ಉರುಳಬೇಕಾದರೆ ಕೆಳಗೆ ಒಂದಿಷ್ಟು ತಿಕ್ಕಾಟ ಬೇಕು. ಕಾಗದ ಕೊಡುತ್ತದೆ. ಹೊಳಪಿನ ಫೋಟೊ ಕೊಡುವುದಿಲ್ಲ. ಗುಂಡು ಜಾರುತ್ತದೆ, ಅಕ್ಷರದ ಬದಲು ತಗ್ಗು ಬೀಳುತ್ತದೆ. ಮಾರ್ಕರಿನಲ್ಲಿರುವುದು ಸ್ಪಿರಿಟಿನಲ್ಲಿ ಕರಗಿದ ಬಣ್ಣ. ಹೀರುವ ಮೈ ಸಿಕ್ಕರೆ ಎಲ್ಲೆಂದರಲ್ಲಿ ಹರಡಿಕೊಳ್ಳುತ್ತದೆ. ಜೆಲ್ ಪೆನ್ನಿನಲ್ಲಿ ನೀರು ಹೆಚ್ಚು. ವಾರ್ನಿಷ್ ಕಂಡರೆ ಹನಿಹನಿಯಾಗಿ ನಿಂತು ಹಠ ಮಾಡುತ್ತದೆ. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಹುಡುಗರು ಪಕ್ಕದ ಅಂಗಡಿಯಲ್ಲಿ ಐದು ರೂಪಾಯಿಯ ಪೆನ್ನು ಕೊಂಡು ಹೋಗಿರುತ್ತಾರೆ.

ಮೊದಲು ಟೆನ್ನಿಸ್ ಚೆಂಡಿನ ವಿಚಾರ. ನಮ್ಮ ಹುಡುಗರ ಬಳಿ ಇರುವುದೇ ಅದು. ಮೈತುಂಬಾ ಜುಂಗು. ಬಾಲ್‌ಪೆನ್ನು ಇಟ್ಟರೆ ತುದಿಗೆ ಜುಂಗು ಸಿಕ್ಕಿಕೊಂಡು ಪೆನ್ನು ಸಾಯುತ್ತದೆ. ಮಾರ್ಕರ್ ಇಟ್ಟರೆ ಸಹಿಯ ಪ್ರತಿ ಗೆರೆಯೂ ಗಡ್ಡ ಬಿಟ್ಟುಕೊಳ್ಳುತ್ತದೆ. ಹೋದ ಸಲ ಅತಿಥಿಯಾಗಿ ಬಂದ ಬೌಲರ್ ಒಬ್ಬರು ಪಾಪ, ಒಂದು ಚೆಂಡಿನ ಮೇಲೆ ತಮ್ಮ ಹೆಸರನ್ನು ಬರೆಯಹೊರಟು, ಮೊದಲಕ್ಷರ ಬರೆಯುವಷ್ಟರಲ್ಲೇ ಚೆಂಡಿನ ಅರ್ಧ ಗೋಳ ಮುಗಿಸಿಬಿಟ್ಟರು. ಉಳಿದರ್ಧದಲ್ಲಿ ಒಂದು ಚುಕ್ಕೆ ಇಟ್ಟು ಕೊಟ್ಟರು. ಹುಡುಗ ಆ ಚುಕ್ಕೆಯನ್ನು ಊರೆಲ್ಲ ತೋರಿಸಿದ. ನೋಡಿದವರು, ಚೆಂಡಿಗೆ ದೃಷ್ಟಿಬೊಟ್ಟು ಇಟ್ಟಿದ್ದಾರೆ, ಒಳ್ಳೇದಾಯ್ತು ಅಂದರು.

ಚರ್ಮದ ಚೆಂಡು ದೊಡ್ಡ ಮನೆತನದ್ದು. 156 ಗ್ರಾಂ ತೂಗಬೇಕು, 163ಕ್ಕಿಂತ ಹೆಚ್ಚಾಗಬಾರದು, ನಡುವೆ ಹೊಲಿಗೆ, ಮೇಲೆ ಲ್ಯಾಕರ್. ಹೊಸದಾಗಿದ್ದಾಗ ಆ ಲ್ಯಾಕರಿನ ಮೇಲೆ ಶಾಯಿ ಕೂರುವುದಿಲ್ಲ. ಕೂತರೂ ಕೆಂಪಿನ ಮೇಲೆ ಕಪ್ಪು ಕಾಣುವುದಿಲ್ಲ, ನೀಲಿಯಂತೂ ಕೇಳಲೇಬೇಡಿ. ಬೆಳ್ಳಿ ಬಣ್ಣದ ಪೇಂಟ್ ಮಾರ್ಕರ್ ಬೇಕು. ಅದರ ಬಣ್ಣ ಚರ್ಮದ ಒಳಗೆ ಇಳಿಯದೆ ಮೇಲೆ ಪದರವಾಗಿ ನಿಲ್ಲುತ್ತದೆ. ಮುಂದೊಂದು ದಿನ ಲ್ಯಾಕರ್ ಸಿಪ್ಪೆ ಎದ್ದರೆ ಸಹಿಯೂ ಅದರ ಜೊತೆ ಎದ್ದು ಹೋಗುತ್ತದೆ. ಆಡಿದ ಚೆಂಡಿನದು ಇನ್ನೂ ಪೇಚು. ಸ್ವಿಂಗ್ ಮಾಡುವ ಬೌಲರ್ ಒಂದು ಮೈಯನ್ನು ಬೆವರು ಹಚ್ಚಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿಟ್ಟಿರುತ್ತಾನೆ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಎಂಜಲು ಹಚ್ಚುವುದನ್ನು 2020ರಲ್ಲಿ ನಿಲ್ಲಿಸಿದ ಮೇಲೆ ಅಲ್ಲಿ ಪೂರ್ತಿ ಬೆವರಿನದೇ ಕೆಲಸ. ಆ ಮೈ ಮೇಲೆ ಪೆನ್ನು ಜಾರುತ್ತದೆ. ಇನ್ನೊಂದು ಮೈ ಪಿಚ್ಚಿಗೆ ಉಜ್ಜಿ ಉಜ್ಜಿ ಎದ್ದಿರುತ್ತದೆ. ಅಲ್ಲಿ ಶಾಯಿ ಕವಲೊಡೆಯುತ್ತದೆ. ಅಂದರೆ ಒಂದೇ ಚೆಂಡಿನಲ್ಲಿ ಒಂದು ಕಡೆ ಸಹಿ ನಿಲ್ಲುವುದಿಲ್ಲ, ಇನ್ನೊಂದು ಕಡೆ ನಿಂತ ಸಹಿ ಓದಲಿಕ್ಕೆ ಬರುವುದಿಲ್ಲ.

ಈ ವಿಷಯದಲ್ಲಿ ಅಮೆರಿಕದವರು ಪುಣ್ಯವಂತರು. ಅವರ ಬೇಸ್‌ಬಾಲ್ ಬಿಳಿ. ಬಿಳಿ ಚರ್ಮದ ಮೇಲೆ ಮಾರ್ಕರ್ ಹರಡುತ್ತದೆಂದು, ಸಾದಾ ನೀಲಿ ಬಾಲ್‌ಪೆನ್ನೇ ಚೆನ್ನ ಎಂದು ಅಲ್ಲಿನ ಸಂಗ್ರಾಹಕರು ನಿಯಮ ಮಾಡಿಕೊಂಡಿದ್ದಾರೆ. ಹೊಲಿಗೆಗಳು ಹತ್ತಿರ ಬರುವ ಕಡೆ ಒಂದಿಷ್ಟು ನುಣುಪು ಜಾಗವಿದೆ. ಸಹಿ ಅಲ್ಲೇ ಆಗಬೇಕು, ಅಲ್ಲಿದ್ದರೆ ಬೆಲೆ ಹೆಚ್ಚು. ಬೆಲೆ ಹೆಚ್ಚಿದ ಕಡೆ ಕಳ್ಳಸಹಿಯೂ ಬಂತು. 1990ರ ದಶಕದ ಕೊನೆಯಲ್ಲಿ ಎಫ್‌ಬಿಐನವರು 'ಆಪರೇಷನ್ ಬುಲ್‌ಪೆನ್' ಎಂದು ಹೆಸರಿಟ್ಟು ಈ ದಂಧೆಯವರನ್ನು ಹಿಡಿದಾಗ ಸಿಕ್ಕ ಮಾಲಿನಲ್ಲಿ ಮದರ್ ತೆರೇಸಾ ಸಹಿ ಮಾಡಿದ ಬೇಸ್‌ಬಾಲ್ ಕೂಡ ಇತ್ತು. ಶಾಯಿ ಚೆನ್ನಾಗಿ ಕೂತಿತ್ತಂತೆ. ಮೈ ಒಪ್ಪಿದ ಮಾತ್ರಕ್ಕೆ ಬುದ್ಧಿ ಒಪ್ಪಬೇಕೆಂದಿಲ್ಲವಲ್ಲ!

ಬ್ಯಾಟಿಗೆ ಬರೋಣ. ವಿಲ್ಲೋ ಮರದ ಗೆರೆಗಳು ಉದ್ದಕ್ಕೆ ಇಳಿದಿರುತ್ತವೆ. ಅವುಗಳ ಮೇಲೆ ಅಡ್ಡಕ್ಕೆ ಬರೆದರೆ ಶಾಯಿ ತನಗೆ ಬೇಕಾದ ಗೆರೆ ಹಿಡಿದು ಉದ್ದಕ್ಕೆ ಓಡುತ್ತದೆ. ಹೊಸ ಬ್ಯಾಟಿಗೆ ಅಗಸೆ ಎಣ್ಣೆ ಹಚ್ಚಬೇಕೆಂಬುದು ಶಾಸ್ತ್ರ. ನಮ್ಮ ಹುಡುಗರು ಮನೆಯಲ್ಲಿರುವ ಎಣ್ಣೆಯನ್ನೇ ಹಚ್ಚುತ್ತಾರೆ. ಹಾಗಾಗಿ ನಮ್ಮ ಕಡೆಯ ಬ್ಯಾಟು ಕೊಬ್ಬರಿ ಎಣ್ಣೆ ಘಮಘಮಿಸುತ್ತಾ, ತಲೆ ಬಾಚಿದ್ದರೆ ಸ್ಕೂಲಿಗೇ ಹೋಗುವ ಹಾಗೆ ಕಾಣುತ್ತದೆ. ಎಣ್ಣೆ ಕುಡಿದ ಮರದ ಮೇಲೆ ಯಾವ ಪೆನ್ನೂ ನಡೆಯದು. ಕೆಲವರು ಪಾರದರ್ಶಕ ಶೀಟ್ ಅಂಟಿಸಿರುತ್ತಾರೆ. ಅದರ ಮೇಲೆ ಸಹಿ ಚೆಂದ ಬೀಳುತ್ತದೆ, ಆದರೆ ಅದು ಬ್ಯಾಟಿನ ಮೇಲಿರುವ ಸಹಿಯಲ್ಲ, ಪ್ಲಾಸ್ಟಿಕ್ಕಿನ ಮೇಲಿರುವ ಸಹಿ. ಶೀಟ್ ಬಾಡಿಗೆದಾರ, ಹೋಗುವಾಗ ತನ್ನ ಸಾಮಾನು ತಗೊಂಡೇ ಹೋಗುತ್ತಾನೆ. ಈ ಎಲ್ಲ ರಗಳೆ ಬೇಡವೆಂದೇ ಸಹಿಗಾಗಿಯೇ ಪುಟ್ಟ ಬ್ಯಾಟುಗಳು ಬಂದಿವೆ. ಎಣ್ಣೆ ಕಾಣದ, ಚೆಂಡು ಕಾಣದ ಬ್ಯಾಟು. ಇಡೀ ತಂಡ ಸಾಲಾಗಿ ಕೂತು ಅದರ ಮೇಲೆ ಸಹಿ ಹಾಕುತ್ತದೆ. ಅದರಲ್ಲಿ ಆಡಬೇಕೆಂದರೆ ಆಟಗಾರ ಒಂದಡಿ ಎತ್ತರ ಇರಬೇಕು.

ಜೆರ್ಸಿಯ ಕಥೆ ಮನೆಗಳೊಳಗೆ ನಡೆಯುತ್ತದೆ. ಬಟ್ಟೆಯನ್ನು ಇಬ್ಬರು ಎರಡು ಕಡೆ ಬಿಗಿಯಾಗಿ ಎಳೆದು ಹಿಡಿಯದಿದ್ದರೆ ಪೆನ್ನಿನ ಜೊತೆ ಬಟ್ಟೆಯೂ ನಡೆದುಬರುತ್ತದೆ. ನಮ್ಮ ವಿಕೆಟ್ ಕೀಪರ್ ಹುಡುಗ ಹಾಕಿಕೊಂಡ ಜೆರ್ಸಿಯ ಮೇಲೆಯೇ, ಬೆನ್ನು ಬಗ್ಗಿಸಿ ಸಹಿ ಹಾಕಿಸಿಕೊಂಡ. ಕಚಗುಳಿ ಆಗಿ ನಕ್ಕ, ಸಹಿಯೂ ನಕ್ಕಿತು. ಎರಡು ಸಲ ಒಗೆದ ಮೇಲೆ ಹೆಸರಿನ ಅರ್ಧ ಮಾತ್ರ ಉಳಿದಿತ್ತು. ಅಳುತ್ತಾ ಕೂತ ಮಗನನ್ನು ನೋಡಿ ಅವನ ಯಾಡಿ, ಅಂದರೆ ಅವ್ವ, ಸೂಜಿ ತೆಗೆದಳು. ಲಂಬಾಣಿ ಹೆಂಗಸಿನ ಕೈಯ ಸೂಜಿ ಅದು; ಫೇಟಿಯಾ ಲಂಗದ ಮೇಲೆ, ಕಾಂಚಳಿ ರವಿಕೆಯ ಮೇಲೆ ಕನ್ನಡಿ ಕೂರಿಸಿ ಪಳಗಿದ್ದು. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಮಾನ್ಯತೆಯೇ ಸಿಕ್ಕಿದೆಯೆಂದರೆ ಆ ಕೈಗಳ ತಾಕತ್ತು ತಿಳಿಯುತ್ತದೆ. ಉಳಿದ ಗೆರೆಗಳ ಮೇಲೆ ದಾರ ಓಡಿಸಿ, ಅಳಿದ ಗೆರೆಗಳನ್ನು ಊಹಿಸಿ ಪೂರ್ತಿ ಮಾಡಿ, ಕೊನೆಗೆ ಚುಕ್ಕೆಯ ಜಾಗದಲ್ಲಿ ಒಂದು ಪುಟ್ಟ ಕನ್ನಡಿ ಕೂರಿಸಿದಳು. ಸಹಿ ಈಗ ದೂರದಿಂದಲೇ ಹೊಳೆಯುತ್ತದೆ.

"ಯವ್ವಾ, ಇದು ಅವರ ಸಹಿ ಅಲ್ಲ ಈಗ, ನಿಂದೇ ಆಯ್ತು. ಇದಕ್ಕೆ ಬೆಲೆ ಬರಲ್ಲ" ಅಂದೆ ನಾನು, ತಿಳಿದವನ ಹಾಗೆ.

"ಬರಲ್ಲ ಅಂದ್ರೆ ಹೆಂಗೆ? ಅವರು ನಿಂತಕಾಲಲ್ಲಿ ಗೀಚಿ ಹೋದ್ರು. ನಾನು ಮೂರು ರಾತ್ರಿ ಕೂತೀನಿ" ಅಂದಳು.

ಸಂಗ್ರಾಹಕರ ಯಾವ ನಿಯಮದಲ್ಲೂ ಇದಕ್ಕೆ ಉತ್ತರವಿಲ್ಲ.

ಪರ್ಮನೆಂಟ್ ಮಾರ್ಕರ್ ಎಂದು ನಾನೂ ಮಾರುತ್ತೇನೆ. ಪ್ಯಾಕೆಟ್ಟಿನ ಮೇಲೆ ಹಾಗೆಯೇ ಬರೆದಿರುತ್ತದೆ. ಆದರೆ ಅದರ ಬಣ್ಣ ಸ್ಪಿರಿಟಿನಲ್ಲಿ ಕರಗಿ ಬಂದದ್ದು, ಸ್ಪಿರಿಟ್ ತಾಗಿದರೆ ಮತ್ತೆ ಕರಗಿ ಹೋಗುತ್ತದೆ. ಕೊರೊನಾ ಕಾಲದಲ್ಲಿ ಸ್ಯಾನಿಟೈಜರ್ ಬಾಟಲಿ ಮನೆಮನೆಗೆ ಬಂದಾಗ, ಗಾಜಿನ ಮೇಲೆ, ಟ್ರೋಫಿಯ ಮೇಲೆ, ಹೊಳಪಿನ ಫೋಟೊಗಳ ಮೇಲೆ ಇದ್ದ ಎಷ್ಟು 'ಪರ್ಮನೆಂಟ್' ಸಹಿಗಳು ವೈರಾಣುವಿನ ಜೊತೆ ಹೋದವೋ! ಅದರಿಂದ ಉಳಿದದ್ದನ್ನು ಬಿಸಿಲು ನೋಡಿಕೊಂಡಿತು. ಕಿಟಕಿಯ ಎದುರು ನೇತುಹಾಕಿದ ಫೋಟೊದಲ್ಲಿ ಆಟಗಾರ ಹಾಗೇ ಇರುತ್ತಾನೆ, ಸಹಿ ಮಾತ್ರ ದಿನದಿನಕ್ಕೆ ಪೆವಿಲಿಯನ್ ಕಡೆ ನಡೆಯುತ್ತಿರುತ್ತದೆ. ನಿಜವಾದ ಪರ್ಮನೆಂಟ್ ಶಾಯಿ ಬೇಕಿದ್ದರೆ ಚನ್ನಗಿರಿ ಕಡೆಗೆ ಹೋಗಬೇಕು. ಅಡಿಕೆ ಬೇಯಿಸಿದ ಚೊಗರು ಬಟ್ಟೆಗೆ ತಾಗಿದರೆ ಬಟ್ಟೆ ಹರಿದು ಚಿಂದಿಯಾದರೂ ಕಲೆ ಚಿಂದಿಯ ಮೇಲಿರುತ್ತದೆ. ಆ ಕಲೆಗೆ ಹೆಂಗಸರು ಬೈಯುವುದನ್ನು ಕೇಳಿದ್ದೇನೆ, ಆಟೋಗ್ರಾಫ್ ಎಂದು ಕರೆದದ್ದನ್ನು ಕೇಳಿಲ್ಲ.

ಕೈಯ ಮೇಲೆ ಸಹಿ ಹಾಕಿಸಿಕೊಳ್ಳುವವರು ಬೇರೆಯೇ ಜಾತಿ. ಕೈ ಬೆವರುತ್ತದೆ, ಎಣ್ಣೆ ಒಸರುತ್ತದೆ, ಸುಕ್ಕುಗಟ್ಟುತ್ತದೆ. ಸಹಿಗೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಬಲಗೈ ಮೇಲೆ ಸಹಿ ಹಾಕಿಸಿಕೊಂಡ ಹುಡುಗ, ಅದು ಅಳಿಸೀತೆಂದು ಊಟಕ್ಕೆ ಎಡಗೈ ಹಾಕಿ ಅಜ್ಜಿಯಿಂದ ಏಟು ತಿಂದ. ಅಜ್ಜಿ ತನ್ನ ಮುಂಗೈ ಚಾಚಿ ಹಸಿರು ಹಚ್ಚೆ ತೋರಿಸಿದಳು. ಮದುವೆಗೆ ಮುಂಚೆ ಚುಚ್ಚಿಸಿಕೊಂಡದ್ದು. "ನೋವು ತಡಕೊಂಡು ಹಾಕಿಸ್ಕಂಡಿದ್ದು ಉಳಿಯತೈತಿ. ನಗ್ತಾ ಹಾಕಿಸ್ಕಂಡಿದ್ದು ಸ್ನಾನಕ್ಕೆ ಹೋಗತೈತಿ" ಅಂದಳು. ಆ ಅಜ್ಜಿಯದೇ ಹೆಬ್ಬೆಟ್ಟನ್ನು ರೇಷನ್ ಅಂಗಡಿಯ ಯಂತ್ರ ಒಪ್ಪುವುದಿಲ್ಲ. ಜೀವಮಾನವೆಲ್ಲ ಅಡಿಕೆ ಸುಲಿದು, ಕಳೆ ಕಿತ್ತು, ಬೆರಳಿನ ಗೆರೆಗಳೇ ಸವೆದಿವೆ. ಒತ್ತಿ ಒರೆಸಿ ಮತ್ತೆ ಒತ್ತಿದರೂ ಯಂತ್ರ ಬೇರೆ ಬೆರಳು ಕೊಡಿ ಅನ್ನುತ್ತದೆ. ಬೇರೆ ಬೆರಳುಗಳೇನು ಮನೆಯಲ್ಲಿ ಕೂತಿದ್ದವೇ?

ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂತು ನಾನು ಮುಟ್ಟಿದ ತೀರ್ಮಾನ ಇದು: ಕೆಲಸ ಮಾಡಿದ ಮೈ ಸಹಿ ಹಿಡಿಯುವುದಿಲ್ಲ. ಆಡಿದ ಚೆಂಡು, ಎಣ್ಣೆ ಕುಡಿದು ಹೊಡೆತ ತಿಂದ ಬ್ಯಾಟು, ಬೆವರು ಕುಡಿದ ಜೆರ್ಸಿ, ಅಡಿಕೆ ಸುಲಿದ ಬೆರಳು, ಯಾವುದೂ ಶಾಯಿಗೆ ನೆಟ್ಟಗೆ ಜಾಗ ಕೊಡುವುದಿಲ್ಲ. ಸಹಿ ಚೆನ್ನಾಗಿ ಕೂರುವುದು ಪೆಟ್ಟಿಗೆ ಬಿಟ್ಟು ಹೊರಬರದ ಚೆಂಡಿನ ಮೇಲೆ, ಮೈದಾನ ನೋಡದ ಬ್ಯಾಟಿನ ಮೇಲೆ. ಗಾಜಿನ ಕಪಾಟಿನಲ್ಲಿ ಬೆಳ್ಳಿ ಅಕ್ಷರದಲ್ಲಿ ಹೊಳೆಯುವ ಚೆಂಡುಗಳು ಒಂದೇ ಒಂದು ವಿಕೆಟ್ಟೂ ಪಡೆದವಲ್ಲ. 1999ರ ಫೆಬ್ರುವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಕುಂಬ್ಳೆ 74 ರನ್ನಿಗೆ ಹತ್ತೂ ವಿಕೆಟ್ ತೆಗೆದ ಚೆಂಡಿನ ಮೇಲೆ ಸಹಿ ಹಾಕುವಷ್ಟು ನುಣುಪು ಜಾಗ ಎಷ್ಟು ಉಳಿದಿರುತ್ತದೆ, ನೀವೇ ಹೇಳಿ. ಉಳಿದಿದ್ದರೂ ಪಾಕಿಸ್ತಾನದ ಹತ್ತು ಬ್ಯಾಟುಗಳು ಆಗಲೇ ಸಹಿ ಹಾಕಿ ಆಗಿದೆಯಲ್ಲ!

ಈ ತೀರ್ಮಾನವನ್ನು ಈ ಸಲ ಹುಡುಗರು ಬಂದಾಗ ಬಿಡದೆ ಹೇಳಿದೆ. ಕಾಗದಕ್ಕೆ ಬಾಲ್‌ಪೆನ್ನು, ಫೋಟೊಗೆ ಮಾರ್ಕರ್, ಕೆಂಪು ಚೆಂಡಿಗೆ ಬೆಳ್ಳಿ ಪೇಂಟು, ಎಲ್ಲವನ್ನೂ ಸಾಲಾಗಿ ಜೋಡಿಸಿ ಬೆಲೆಯನ್ನೂ ಹೇಳಿದೆ. ವಿಕೆಟ್ ಕೀಪರ್ ಹುಡುಗ ಗಮನವಿಟ್ಟು ಕೇಳಿದ. ಅಂಥ ಕೇಳುಗ ಸಿಗುವುದು ಅಪರೂಪ.

"ಹಂಗಾದ್ರೆ ಅಣ್ಣಾ, ಆಡಿದ ಚೆಂಡೇ ದೊಡ್ಡದು ಅಂತೀರಿ."

"ಹೌದು ಮತ್ತೆ."

"ಹಂಗಾದ್ರೆ ಸಹಿ ಬ್ಯಾಡ ಬಿಡ್ರಿ. ನಾಳೆ ಬರೋರಿಗೆ ಒಂದು ಓವರ್ ಬೌಲಿಂಗ್ ಮಾಡ್ರಿ ಅಂತ ಕೇಳ್ತೀವಿ. ಆರು ಬಾಲು, ಆರು ಜನಕ್ಕೆ ಒಂದೊಂದು. ಔಟಾದ್ರೂ ಅವರ ಕೈಲೇ ಔಟಾದ್ವಿ ಅಂತ ಆಗತೈತಿ."

ಗುಂಪಿಗೆ ಗುಂಪೇ ಹೂಂಗುಟ್ಟಿತು. ಒಂದು ಟೆನ್ನಿಸ್ ಚೆಂಡು ಕೊಂಡರು, ಹತ್ತು ರೂಪಾಯಿ ಕಡಿಮೆ ಮಾಡಿಸಿಕೊಂಡು ಹೋದರು. ಬೆಳ್ಳಿ ಬಣ್ಣದ ಪೇಂಟ್ ಮಾರ್ಕರುಗಳ ಪೂರ್ತಿ ಪೆಟ್ಟಿಗೆ ನನ್ನಲ್ಲೇ ಉಳಿದಿದೆ. ಮದುವೆ ಉಡುಗೊರೆಯ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಬರೆಯಿಸುವವರು ಯಾರಾದರೂ ಇದ್ದರೆ ಹೇಳಿ; ಮೈ ನುಣುಪಾಗಿದೆ, ಶಾಯಿ ಚೆನ್ನಾಗಿ ಕೂರುತ್ತದೆ.